ಇಲ್ಲದ ಗುಡ್ಡ

ಗಂಡ: ನಿನ್ನೆ ಸಾಯಂಕಾಲ ನೆಲದೊಳಗೆ ಇದ್ದ ಗುಡ್ಡ ಬೆಳಗಾಗೋದ್ರೊಳಗೆ ಎಲ್ಲಿಗೇ ಹೋಯ್ತು? ಕಾಲು ಬಂದು ನಡ್ಕೊಂಡು ಹೋಯ್ತಾ?

ಹೆಂಡತಿ: ಗುಡ್ಡ ಇರಲೇ ಇಲ್ಲ ರೀ. ಇದ್ದ ಹಾಗೆ ಕಾಣಿಸ್ತು ಅಷ್ಟೆ.

(ಗಂಡ ತೈಲಬಾವಿ ಕೊರೆಸುವ ಮೇಸ್ತ್ರಿ. ಹೆಂಡತಿ ಅದೇ ಕಂಪನಿಯಲ್ಲಿ ನೆಲ ನಡುಗಿಸಿ, ಬರುವ ಪ್ರತಿಧ್ವನಿಯಿಂದ ಎರಡು ಮೈಲಿ ಆಳದ ಚಿತ್ರ ಬಿಡಿಸುವವಳು. ಒಳಪದರ ಗುಡ್ಡದಂತೆ ಉಬ್ಬಿದ್ದರೆ ಅದರ ನೆತ್ತಿಯಲ್ಲಿ ಎಣ್ಣೆಯ ಆಸೆ. ಮೂರು ಬಾವಿ ಆಗಲೇ ಕೈಕೊಟ್ಟಿವೆ. ನಾಲ್ಕನೆಯದೂ ಕೈಕೊಟ್ಟರೆ ಮೇಸ್ತ್ರಿಯ ಕೆಲಸಕ್ಕೆ ಸಂಚಕಾರ. ಒಂಬತ್ತಕ್ಕೆ ಕೊರೆತ ಶುರು. ಈಗ ಎಂಟೂವರೆ, ತಿಂಡಿಯ ಮೇಜಿನ ಮೇಲೆ ತಟ್ಟೆಗಿಂತ ನಕ್ಷೆಗಳೇ ಜಾಸ್ತಿ.)

ಗಂಡ: ಕಣ್ಣಿಗೆ ಕಂಡಿದ್ದು ಇಲ್ಲ ಅಂದ್ರೆ ಹೇಗೆ?

ಹೆಂಡತಿ: ಮೇಲೆ ಉಪ್ಪಿದೆ.

ಗಂಡ: (ಒಂದು ತುತ್ತು ತಿಂದು) ಇಲ್ವಲ್ಲ, ಹದವಾಗೇ ಇದೆ.

ಹೆಂಡತಿ: ತಿಂಡೀಲಲ್ಲ ರೀ, ನೆಲದಲ್ಲಿ! ಉಪ್ಪಿನ ದೊಡ್ಡ ಬಂಡೆ. ಅದರೊಳಗೆ ನಡುಕದ ಅಲೆ ಜೋರಾಗಿ ಓಡುತ್ತೆ, ಬೇಗ ವಾಪಸ್ ಬರುತ್ತೆ. ಬೇಗ ಬಂದಿದ್ದಕ್ಕೆ ಕೆಳಗಿನ ಪದರ ಹತ್ತಿರ ಇದೆ ಅಂತ ಅನ್ಸುತ್ತೆ, ಚಿತ್ರದಲ್ಲಿ ಉಬ್ಬುತ್ತೆ. ನಿಮ್ಮಮ್ಮನ ಮನೆಗೆ ಬೈಕಲ್ಲಿ ಹತ್ತು ನಿಮಿಷ, ನಡೆದ್ರೆ ಒಂದು ಗಂಟೆ. ಬೈಕ್ ಹತ್ತಿದ ತಕ್ಷಣ ಮನೆ ಹತ್ತಿರ ಬಂತಾ?

ಗಂಡ: ನಮ್ಮಮ್ಮನ್ನ ಯಾಕೆ ಎಳೀತೀಯ? ನಿಮ್ಮಮ್ಮನ ಮನೆ ಅನ್ನು.

ಹೆಂಡತಿ: ಅಲ್ಲಿಗೆ ನೀವು ಬೈಕಲ್ಲಿ ಹೋದ್ರೂ ತಲುಪಲ್ವಲ್ಲ!

ಗಂಡ: ಹೋಗ್ಲಿ, ಉಪ್ಪಿದೆ ಅನ್ನೋದಕ್ಕೆ ಏನು ಗ್ಯಾರಂಟಿ?

ಹೆಂಡತಿ: ಅದಕ್ಕೇ ಮಾಡೆಲ್ ಮಾಡಿದ್ದು. ಕಂಪ್ಯೂಟರಲ್ಲಿ ಒಂದು ಸುಳ್ಳು ನೆಲ ಕಟ್ಟಿದೆ. ಉಪ್ಪು ಹಾಕಿದೆ, ಗುಡ್ಡ ಹಾಕಲಿಲ್ಲ. ಅಲೆ ಬಿಟ್ರೆ ನಿಜವಾದ ನೆಲದ ಪ್ರತಿಧ್ವನೀನೇ ಬಂತು!

ಗಂಡ: ಸುಳ್ಳು ನೆಲ ನಂಬಿ ನಿಜವಾದ ನೆಲ ಬಿಡ್ಬೇಕಾ? ಚೆನ್ನಾಗಿದೆ ನ್ಯಾಯ!

ಹೆಂಡತಿ: ಮೂರು ಸಲ ಮಾಡೆಲ್ ಬೇಡ, ಟೈಮ್ ವೇಸ್ಟ್ ಅಂದೋರು ಯಾರು? ಕೊರೆದು ಏನು ಸಿಕ್ತು?

ಗಂಡ: (ಮೆಲ್ಲಗೆ) ನೀರು.

ಹೆಂಡತಿ: ಎಂಥ ನೀರು?

ಗಂಡ: ಉಪ್ಪುನೀರು.

(ಉಪ್ಪಿನ ಮಾತಿಗೆ ಮೇಸ್ತ್ರಿಯ ಮುಖ ಸಪ್ಪೆಯಾಯಿತು.)

ಗಂಡ: ಕೆಲಸ ಹೋದ್ರೆ ಈ ವಯಸ್ಸಲ್ಲಿ ನಂಗೆ ಯಾರು ಕೊಡ್ತಾರೆ ಕಣೇ? ನಿಜವಾಗ್ಲೂ ಭಯ ಆಗ್ತಿದೆ.

ಹೆಂಡತಿ: ಅದಕ್ಕೇ ಬೆಳಗ್ಗೆಯಿಂದ ಬಾಯಿ ಬಡ್ಕೊಳ್ತಿರೋದು. ಒಂದು ಮೈಲಿ ಪಶ್ಚಿಮಕ್ಕೆ ಹೋಗಿ. ಅಲ್ಲಿ ಪದರ ಮುರಿದು ಜಾರಿದೆ, ಫಾಲ್ಟ್. ಎಣ್ಣೆ ಇದ್ರೆ ಅಲ್ಲೇ ಸಿಕ್ಕಾಕ್ಕೊಂಡಿರುತ್ತೆ. ಸಾಹೇಬ್ರಿಗೆ ಫೋನ್ ಮಾಡಿ.

(ಮೇಸ್ತ್ರಿ ಫೋನ್ ಹಚ್ಚಿದ.)

ಗಂಡ: ಸಾರ್, ಇವತ್ತಿನ ಕೊರೆತ ನಿಲ್ಲಿಸ್ಬೇಕು. ಫಾಲ್ಟ್ ಇದೆ ಸಾರ್.

ಸಾಹೇಬರು: ಯಾರದ್ರೀ?

ಗಂಡ: ಯಾರದ್ದೂ ಅಲ್ಲ ಸಾರ್, ಬಹಳ ಹಳೇದು. ನಮ್ಮ ಮನೆಯವಳು ಕಂಡುಹಿಡಿದಿದ್ದು.

ಸಾಹೇಬರು: ನಮ್ಮನೇಲೂ ದಿನಾ ಕಂಡುಹಿಡೀತಾರೆ ಬಿಡಿ. ಅದಕ್ಕೆಲ್ಲ ಕೊರೆತ ನಿಲ್ಸಕ್ಕಾಗುತ್ತಾ?

(ಹೆಂಡತಿ ಫೋನ್ ಕಿತ್ತುಕೊಂಡು ಹಿತ್ತಿಲಿಗೆ ನಡೆದಳು. ಐದು ನಿಮಿಷದ ಮೇಲೆ ಬಂದಳು.)

ಹೆಂಡತಿ: ಒಪ್ಕೊಂಡ್ರು. ಪಶ್ಚಿಮಕ್ಕೇ ಕೊರೀರಿ. ಎಣ್ಣೆ ಬಂದ್ರೆ ಹೆಸರು ನಿಮ್ಮದು.

ಗಂಡ: ಬರದಿದ್ರೆ?

ಹೆಂಡತಿ: ತಪ್ಪು ಪೂರ್ತಿ ನಂದೇ ಅಂತ ಹೇಳಿದ್ದೀನಿ. ನಿಮ್ಮ ಕೆಲಸಕ್ಕೇನೂ ಆಗಲ್ಲ.

(ಮೇಸ್ತ್ರಿಯ ಕಣ್ಣು ತುಂಬಿ ಬಂತು.)

ಗಂಡ: ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮೊದಲನೇ ಸಲ ತಪ್ಪು ನಂದು ಅಂದಿದ್ದೀಯ. ಅದನ್ನೂ ಹಿತ್ತಿಲಿಗೆ ಹೋಗಿ ಹೇಳ್ಬೇಕಿತ್ತೇನೇ!