ಜೀಪಿನ ಹಗ್ಗ, ಆಲದ ಮರ ಮತ್ತ ನಮ್ಮ ಸೊಸಿ

ಬರ್ರಿ, ಕುಂಡ್ರಿ. ಚಹಾ ಆರಿದ್ರ ಆರಲಿ, ಮೊದಲ ನನ್ನ ಮಾತು ಕೇಳ್ರಿ. ಮುಂಬೈ ಕಾಂದಿವಲಿಯ ನಮ್ಮ ಮನ್ಯಾಗ ಇಂಥಾವು ನಡೀತಾನ ಇರ್ತಾವು. ಹೊಟ್ಟಿ ಹಿಡ್ಕೊಂಡು ನಗತೀನಿ, ಆಮ್ಯಾಲೆ ದೇವರಿಗೆ ಕೈ ಮುಗೀತೀನಿ.

ನನ್ನ ಮಗ ಒಂದು ಹಳೇ ಜೀಪ್ ತಗೊಂಡಾನ. ರವಿವಾರ ಬಂತಂದ್ರ ಗೆಳ್ಯಾರ ಕೂಡ ಗುಡ್ಡದ ಕೆಸರಿಗೆ ಹೋಗೂದು, ಸಿಕ್ಕಿಬೀಳೂದು. ಅವರಪ್ಪ ತೀರಿಕೊಂಡ ಮ್ಯಾಲೆ ಅಂವ ಮನಸ್ಸು ಬಿಚ್ಚಿ ನಕ್ಕಿದ್ದು ಆ ಜೀಪ್ ಬಂದ ದಿನಾನ. ಸೊಸಿ ಮಾತ್ರ ಖಡಕ್ ಹೇಳಿದಳು: "ಇನ್ನೊಮ್ಮೆ ಸಿಕ್ಕಿಬಿತ್ತಂದ್ರ ಮಾರಿಬಿಡೂದು."

ಅದಕ್ಕ ಅಂವ ಮುಂದಿನ ಬಂಪರಿಗೆ ವಿಂಚ್ ಕೂಡಿಸಿದ. ಹಗ್ಗ ಸುತ್ತೂ ಮೋಟಾರ್ ಅದು. ತುದಿ ಮರಕ್ಕ ಕಟ್ಟಿದ್ರ ಜೀಪ್ ತನ್ನನ್ನ ತಾನ ಎಳ್ಕೊಂಡು ಹೊರಗ ಬರ್ತದ. ಉಳಿದ ಸಾಮಾನು ಆರಿಸಾಕ ನನ್ನನ್ನೂ ಕರ್ಕೊಂಡು ಹೋದ.

ಹಗ್ಗ ಆರಿಸಿದ್ದು

ಗ್ರಾಂಟ್ ರೋಡಿನ ಅಂಗಡ್ಯಾಂವ ನೂಲಿನಂಥಾ ಹಗ್ಗ ತೋರಿಸಿ, "ಆಜೀ, ಸ್ಟೀಲ್ ಸೇ ಭೀ ಮಜಬೂತ್" ಅಂದ, ಉಕ್ಕಿಗಿಂತಾ ಗಟ್ಟಿಯಂತ. ಎಷ್ಟು ಸೀರಿ ಆರಿಸೀನಿ ನಾನು! ಹೊಳಪಿಗೆ ಮರುಳಾಗಾಕಿ ಅಲ್ಲ. "ಒಂದು ಎಳಿ ಕೊಡಪಾ, ಕಡ್ಡಿ ಗೀರಿ ಸುಟ್ಟು ನೋಡ್ತೀನಿ. ಖರೇನೋ ಖೊಟ್ಟಿನೋ ವಾಸನಿಗೇ ಗೊತ್ತಾಗ್ತದ" ಅಂದೆ ನನ್ನ ಹಿಂದಿಯೊಳಗ.

ಅಂವ ಹಗ್ಗ ಎದಿಗೆ ಅವಚಿಕೊಂಡ. "ಆಜೀ, ಯೇ ಸಾಡೀ ನಹೀಂ ಹೈ!"

"ಹಂಗಾರ ಬ್ಲೌಸ್ ಪೀಸೂ ಬರೂದಿಲ್ಲ ಅನ್ನು."

ಕೌದಿ ಹೊಚ್ಚಿದ್ದು

ಎಳಿಯೂ ಮುಂದ ಹಗ್ಗ ಹರಿದ್ರ ಹಾವಿನಂಗ ಚಿಮ್ಮತದಂತ; ಮ್ಯಾಲೊಂದು ಭಾರಾದ ಹೊದಿಕಿ ಬೇಕಂತ. "ಕೊಳ್ಳೂದ್ಯಾಕ? ಹಳೇ ಸೀರಿ ಪದರ ಪದರ ಹಾಕಿ ಹೊಲಿದ ನನ್ನ ಕೌದಿ ಇಲ್ಲೇನು?" ಅಂದೆ. ಮಗ ಪರೀಕ್ಷಾ ಮಾಡಾಕ ಗೇಟಿನ ಕಂಬಕ್ಕ ಹಗ್ಗ ಬಿಗಿದ, ಕೌದಿ ಹೊಚ್ಚಿದ, ಕೈಗವಸು ತರಾಕ ಮನಿಗೆ ಹೋದ. ತಿರುಗಿ ಬರೂದ್ರಾಗ ಕೆಳಗಿನ ಮನಿ ಮರಾಠಿ ಬಾಯಿ, ಎಲ್ಲಾರೂ ವಹಿನಿ, ಅಂದ್ರ ಅತ್ತಿಗಿ, ಅನ್ನಾಕಿ, ತನ್ನ ಗೌನು, ಗಂಡನ ಪ್ಯಾಂಟು, ಎಲ್ಲಾ ಅದರ ಮ್ಯಾಲೆ ಸಾಲಾಗಿ ಒಣಹಾಕಿದ್ದಳು.

"ವಹಿನಿ, ಇದು ಜೀಪ್ ಎಳಿಯೂ ಹಗ್ಗ!"

"ಎಳೀರಿ ಭಾವೋಜಿ, ಆದ್ರ ಸಾವಕಾಶ. ಇನ್ನೂ ಹಸೀ ಅದಾವು."

ಮರಕ್ಕ ಪಟ್ಟಿ ಸುತ್ತಿದ್ದು

ಮೊದಲ ದೊಡ್ಡ ಮಳಿ. ಜೀಪ್ ಗುಡ್ಡಕ್ಕ ಹೋಗಲೇ ಇಲ್ಲ, ನಮ್ಮ ಕಂಪೌಂಡಿನ ಮೂಲ್ಯಾಗನ ಕೆಸರಾಗ ಹುಗೀತು! ಸೊಸಿ ಸ್ನಾನಕ್ಕ ಹೋಗಿದ್ದಳು. "ಅವ್ವಾ, ಆಕಿ ಬರೂದ್ರಾಗ ತೆಗೀಬೇಕು, ಇಲ್ಲಾಂದ್ರ ಜೀಪ್ ಹೋತು" ಅಂದ ಮಗನ ಮುಖ ಸಣ್ಣದಾಗಿತ್ತು. ಹಗ್ಗ ಮರದ ತೊಗಟಿ ಸುಲೀಬಾರದಂತ ತಂದಿದ್ದ ಅಗಲ ಪಟ್ಟಿ ಹಿಡ್ಕೊಂಡು ಆಲದ ಮರಕ್ಕ ಓಡಿದ.

ಅವತ್ತು ವಟಪೌರ್ಣಿಮೆ. ಗಂಡಂದಿರ ಆಯುಷ್ಯ ಬೇಡಿ ಬಿಲ್ಡಿಂಗಿನ ಹೆಂಗಸರೆಲ್ಲ ಅದೇ ಮರಕ್ಕ ದಾರ ಸುತ್ತಾಕತ್ತಿದ್ದರು. ಇಂವ ಪಟ್ಟಿ ಸುತ್ತೂದು ಕಂಡು ವಹಿನಿ ಕೂಗಿದಳು: "ಅಗ ಬಾಈ! ಹೆಂಡತಿ ಸಲುವಾಗಿ ಗಂಡ ವ್ರತ ಹಿಡಿದಾನ!" ಒಬ್ಬಾಕಿ ಕುಂಕುಮ ಹಚ್ಚಿದಳು, ಒಬ್ಬಾಕಿ ಕೈಯಾಗ ಮಾವಿನಹಣ್ಣು ಇಟ್ಟಳು. "ಏಳು ಜನ್ಮ ಇದೇ ಹೆಂಡತಿ ಬೇಕಂದ್ರ ಏಳು ಸುತ್ತು" ಅಂತ ಹಿಡಿದು ತಿರುಗಿಸಿದರು. ಏಳನೇ ಸುತ್ತಿಗೆ ಎದುರಿಗೆ ಸೊಸಿ, ತಲಿಗೆ ಟವೆಲ್ ಸುತ್ತಿಕೊಂಡು! ಹುಗಿದ ಜೀಪ್ ನೋಡಿದಳು, ಕುಂಕುಮ ಹಚ್ಚಿಕೊಂಡ ಗಂಡನ್ನ ನೋಡಿದಳು.

"ಏಳು ಜನ್ಮಾನೂ ಈ ಕೆಸರಿನ ಬಟ್ಟಿ ನಾನ ಒಗೀಬೇಕೇನು?" ಅಂದಾಕಿನ ನಕ್ಕುಬಿಟ್ಟಳು. ಮಾರೂ ಮಾತು ಅಲ್ಲಿಗೇ ಮುಗೀತು. ಹೆಂಗಸರು ದೂರ ಸರಿದರು, ಮಗ ಬಟನ್ ಒತ್ತಿದ, ಜೀಪ್ ಮ್ಯಾಲೆ ಬಂತು.

ಈಗ? ಅಂಗಡ್ಯಾಂವ ಫೋನ್ ಮಾಡಿದ್ರ ಮೊದಲ "ಆಜೀ ಹೆಂಗದಾರ" ಅಂತ ಕೇಳ್ತಾನ. ವಹಿನಿ ನನ್ನ ಕಡೆ ಹೊಲಿಗಿ ಕಲೀತಾಳ. ಮಗ ಪ್ರತಿ ವರ್ಷ ವ್ರತ ಮಾಡಬೇಕು, ಹೆಂಗಸರು ಬಿಡೂದಿಲ್ಲ. ನಾನು ಹಿಂದಿನ ಸೀಟಿನ್ಯಾಗ ರೊಟ್ಟಿ ಗಂಟು ಹಿಡ್ಕೊಂಡು ಕುಂಡ್ರತೀನಿ; ಮಗನ ನಗಿ ಉಳೀತಲ್ಲ, ನನಗ ಅಷ್ಟು ಸಾಕು. ಮತ್ತ ಸೊಸಿ? ಹೋದ ರವಿವಾರ ಜೀಪ್ ಕೆಸರಾಗ ಹುಗಿಸಿದಾಕಿ ಆಕೀನ. ಸ್ಟೀರಿಂಗ್ ಬಿಡವಲ್ಲಳು!