ರಂಗಪ್ಪ ದುಡ್ಡು ಕೊಟ್ಟ ಹಾಡು

ರಂಗಪ್ಪನ ಹೆಂಡತಿ ಶಕುಂತಲಮ್ಮ ಮುನಿಸಿಕೊಂಡು ತವರಿಗೆ ಹೋದದ್ದು ಕಿರುಬೆರಳಿನ ಉಗುರಿನಷ್ಟಿದ್ದ ಒಂದು ಮೆಮೊರಿ ಕಾರ್ಡಿನ ದೆಸೆಯಿಂದ.

ಹನ್ನೆರಡು ವರ್ಷದ ಹಿಂದೆ ಆಕೆ ತರೀಕೆರೆಯ ಅಂಗಡಿಯೊಂದರಲ್ಲಿ ಅರ್ಧ ದಿನ ಕೂತು, ಬೇಕಾದ ಹಾಡುಗಳನ್ನೆಲ್ಲ ಒಂದೊಂದಾಗಿ ಹೇಳಿ, ಆ ಕಾರ್ಡಿಗೆ ತುಂಬಿಸಿಕೊಂಡು ಬಂದಿದ್ದಳು. ರಂಗಪ್ಪ ಮೊನ್ನೆ ಅದನ್ನು ಪೂರ್ತಿ ಅಳಿಸಿ, ಬೋರ್‌ವೆಲ್ ಮೋಟರ್ ರಿಪೇರಿ ಮಾಡುವ ವಿಡಿಯೋಗಳನ್ನು ಹಾಕಿಸಿಕೊಂಡು ಬಂದ. ಸಾರಿಗೆ ಒಗ್ಗರಣೆ ಹಾಕುತ್ತ ಫೋನಿನಲ್ಲಿ ಹಾಡಿನ ಗುಂಡಿ ಒತ್ತಿದ ಶಕುಂತಲಮ್ಮನಿಗೆ, "ಮೊದಲು ಫ್ಯೂಸ್ ತೆಗೆಯಿರಿ" ಎಂದು ಯಾವನೋ ಗಡಸು ದನಿಯಲ್ಲಿ ಹೇಳಿದ್ದು ಕೇಳಿಸಿತು.

"ಹೋದ್ರೆ ಹೋಯ್ತು ಬಿಡೇ. ಈಗೆಲ್ಲ ಪುಕ್ಕಟೆ ಸಿಕ್ತವೆ. ಹಾಡಿಗೆ ಯಾರಾದ್ರೂ ದುಡ್ಡು ಕೊಡ್ತಾರಾ?" ಎಂದ ರಂಗಪ್ಪ.

ಅಷ್ಟೇ ಸಾಕಾಯಿತು.

"ನಮ್ಮ ಟೆಂಟಿನ ಹಾಡೂ ಹೋಯ್ತಲ್ರೀ! ನಿಮ್ಮನ್ನ ಕಟ್ಕೊಂಡು ಮೂವತ್ತೈದು ವರ್ಷ ಆಯ್ತು. ಒಂದೇ ಒಂದು ಹಾಡಿಗೆ ಜೇಬಿಗೆ ಕೈ ಹಾಕಿದೀರಾ? ಟೆಂಟಿಗೂ ಟಿಕೆಟ್ ಇಲ್ದೆ ಪರದೆ ಅಡೀಲಿ ನುಸುಳಿ ಬಂದೋರು ನೀವು! ಆ ಹಾಡಿಗೆ ನಿಮ್ಮ ಕೈಯಾರೆ ದುಡ್ಡು ಕೊಟ್ಟ ದಿನ ಬತ್ತೀನಿ. ಅಲ್ಲೀವರೆಗೂ ಫೋನ್ ಮಾಡ್ಬೇಡಿ. ಭಾನುವಾರ ನಾನೇ ಮಾಡ್ತೀನಿ" ಎಂದವಳೇ ಚೀಲ ಹಿಡಿದು ದೇವನೂರಿಗೆ ಹೊರಟುಹೋದಳು.

ನಾಲ್ಕು ದಿನ ತಾನೇ ತಿರುವಿದ ಮುದ್ದೆ ತಿಂದ ಮೇಲೆ ರಂಗಪ್ಪನಿಗೆ ಜ್ಞಾನೋದಯವಾಯಿತು. ಆ ಮುದ್ದೆ ಒಳಗೆ ಹಿಟ್ಟು, ಹೊರಗೆ ನೀರು, ಕೆರೆ ಏರಿಯ ಮಣ್ಣಿನ ಹಾಗಿತ್ತು. ಭಾನುವಾರ ಬೆಳಗ್ಗೆಯೇ ಅಜ್ಜಂಪುರದ ಪೇಟೆ ಬೀದಿಯಲ್ಲಿ ಓಂಕಾರೇಶನ ಮೊಬೈಲ್ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾದು ನಿಂತ.

"ದುಡ್ಡು ಕೊಟ್ಟು ಹಾಡು ತಗೋಬೇಕು ಕಣೋ" ಎಂದ.

ಓಂಕಾರೇಶ ಕೈಯಲ್ಲಿದ್ದ ಪೊರಕೆ ಬಿಟ್ಟ. "ದುಡ್ಡು ಕೊಟ್ಟಾ? ಹುಷಾರಾಗಿದೀರಾ ರಂಗಣ್ಣ? ಈ ಅಂಗಡೀಲಿ ಹಾಡಿಗೆ ದುಡ್ಡು ತಗೊಂಡು ಎಷ್ಟೋ ವರ್ಷ ಆಯ್ತು. ಬ್ಲೂಟೂತ್ ಆನ್ ಮಾಡಿ, ಸುಮ್ನೆ ಕಳಿಸ್ತೀನಿ."

"ಸುಮ್ನೆ ಬೇಡ ಕಣಪ್ಪ, ಕೈ ಮುಗೀತೀನಿ. ದುಡ್ಡು ತಗೋ."

ಓಂಕಾರೇಶ ತಲೆ ಕೆರೆದುಕೊಂಡು, "ಹಂಗಾದ್ರೆ ಕಾಲರ್ ಟ್ಯೂನ್ ಒಂದೇ ದಾರಿ. ನಿಮ್ಮ ಕಂಪ್ನೀಲಿ ತಿಂಗಳಿಗೆ ಇಷ್ಟು ಅಂತ ಐತೆ. ಅಕ್ಕ ಫೋನ್ ಮಾಡಿದ ಕೂಡ್ಲೆ ಅವರ ಕಿವೀಲಿ ಹಾಡು" ಎಂದ. ರಂಗಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದುಡ್ಡು ಕೊಟ್ಟ. ಹಾಡು ಕೂತಿತು ಎಂದು ಓಂಕಾರೇಶ ಹೇಳಿದ ಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡ. ಅಲುಗಾಡಿಸಿದ. ಮತ್ತೆ ಒತ್ತಿಕೊಂಡ.

"ಏನೂ ಕೇಳಲ್ಲವಲ್ಲೋ?"

"ನಿಮಗೆ ಕೇಳಲ್ಲ ಅಣ್ಣ. ನಿಮಗೆ ಫೋನ್ ಮಾಡಿದೋರಿಗೆ ಕೇಳ್ತದೆ."

"ದುಡ್ಡು ಕೊಟ್ಟೋನು ನಾನು, ಕೇಳೋರು ಊರೋರಾ?" ಎಂದ ರಂಗಪ್ಪ. ಓಂಕಾರೇಶ ತನ್ನ ಫೋನಿನಿಂದಲೇ ಕರೆ ಮಾಡಿ ಕಿವಿಗಿಟ್ಟುಕೊಂಡು, ಚೆನ್ನಾಗಿ ಬರ್ತಾ ಐತೆ ಎಂದು ತಲೆದೂಗಿದ. ಹಾಗೇ ಅದೇನೋ ಗುಂಡಿಯನ್ನೂ ಒತ್ತಿದ.

ರಂಗಪ್ಪ ಮನೆಗೆ ಬಂದವನೇ ಪಕ್ಕದ ಮನೆಯ ಕೆಂಪರಾಜುವನ್ನು ಹಿಡಿದುಕೊಂಡ. "ನಿನ್ನ ಫೋನಿಂದ ನಂಗೊಂದು ಫೋನ್ ಮಾಡಿ, ನನ್ನ ಕಿವಿಗೆ ಹಿಡಿಯೋ."

ಕೆಂಪರಾಜು ಹಿಡಿದ.

ಟೆಂಟಿನ ಹಾಡು ಶುರುವಾಯಿತು. ಊರಾಚೆ ಬಯಲಿನ ಸಿನಿಮಾ ಟೆಂಟಿನಲ್ಲಿ, ಟಿಕೆಟ್ ಕೊಡುವ ಹೊತ್ತಿಗೆ ದಿನಾ ಹಾಕುತ್ತಿದ್ದ ಹಾಡು ಅದು. ಅದು ಕೇಳಿಸಿದರೆ ಸಾಕು, ಹೆಂಗಸರು ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಮಡಿಲಿಗೆ ಹುರಿದ ಕಡಲೆಕಾಯಿ ಕಟ್ಟಿಕೊಂಡು, ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದರು. ಚಿಕ್ಕಮ್ಮನ ಮನೆಗೆ ಬಂದಿದ್ದ ದೇವನೂರಿನ ಹುಡುಗಿಯೊಬ್ಬಳು ಮರಳ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಗ, ಪರದೆ ಎತ್ತಿಕೊಂಡು ಒಂದು ತಲೆ ಒಳಗೆ ತೂರಿತ್ತು. ಹುಡುಗಿ ಕೂಗಿಕೊಳ್ಳಲಿಲ್ಲ. ಸಿಪ್ಪೆಯನ್ನು ಆ ತಲೆಯ ಮೇಲೆ ಹಾಕಿದಳು. ಆ ತಲೆ ಈಗ ನರೆತು, ಕೆಂಪರಾಜುವಿನ ಫೋನಿಗೆ ಅಂಟಿಕೊಂಡು ಕಣ್ಣು ಒರೆಸಿಕೊಳ್ಳುತ್ತಿತ್ತು.

"ನಂಗೂ ಕೇಳಿಸಣ್ಣ" ಎಂದು ಎದುರು ಮನೆಯ ಕೋಮಲಾ ಹೊಲಿಗೆ ಬಿಟ್ಟು ಓಡಿಬಂದಳು. ತನ್ನ ಫೋನಿಂದ ಕರೆ ಮಾಡಿ ಕೇಳಿ, "ಅಯ್ಯೋ, ನಮ್ಮಮ್ಮ ನೆನಪಾದ್ಲು! ಅದೇನೋ ನಿಮ್ಮ ಫೋನಿಗೂ ಈ ಹಾಡು ಬೇಕಿದ್ರೆ ಸ್ಟಾರ್ ಒತ್ತಿ ಅಂತಾಳೆ ಹುಡುಗಿ. ಒತ್ತಲಾ ಅಣ್ಣ?" ಎಂದಳು.

"ಒತ್ತವ್ವ. ನನ್ನ ಗಂಟೇನು ಹೋಗ್ತದೆ" ಎಂದ ರಂಗಪ್ಪ ಧಾರಾಳವಾಗಿ. ಕೆಂಪರಾಜು ಕೇಳಲೇ ಇಲ್ಲ, ಆಗಲೇ ಒತ್ತಿ ಆಗಿತ್ತು.

ಸಲಹೆ ಕೊಟ್ಟವಳೂ ಕೋಮಲಾಳೇ. "ಅಕ್ಕ ಫೋನ್ ಮಾಡಿದಾಗ ನೀವು ಎತ್ತಬಾರ್ದು ಅಣ್ಣ. ಎತ್ತಿದ್ರೆ ಹಾಡು ನಿಂತೋಗ್ತದೆ. ಪೂರ್ತಿ ಕೇಳ್ಲಿ, ಕರಗ್ಲಿ. ಆಮೇಲೆ ಮಾತು."

"ಇವನ ಕೈ ಸುಮ್ನಿರಲ್ಲ ಕಣಮ್ಮ. ನಾನು ಹಿಡ್ಕೋತೀನಿ" ಎಂದ ಕೆಂಪರಾಜು.

ವ್ಯವಸ್ಥೆ ಪಕ್ಕಾ ಆಯಿತು. ನಡುವೆ ಬೇರೆ ಫೋನು ಬಡಿದುಕೊಳ್ಳಬಾರದೆಂದು ಇಬ್ಬರೂ ತಮ್ಮ ಫೋನು ಮನೆಯಲ್ಲಿಟ್ಟು ಬಂದರು. ವಿಷಯ ತಿಳಿದ ಓಂಕಾರೇಶನೂ ತನ್ನದನ್ನು ಅಂಗಡಿಯಲ್ಲೇ ಬಿಟ್ಟು ಬಂದ. ರಂಗಪ್ಪನ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಲಗಿಸಿ, ನೋಡಿದರೆ ಮನಸ್ಸು ತಡೆಯದು ಎಂದು ಮೇಲೆ ಮೊರ ಮುಚ್ಚಿದರು. ನಾಲ್ವರೂ ಅದರ ಸುತ್ತ ಕಾವಿಗೆ ಕೂತ ಕೋಳಿಗಳಂತೆ ಕೂತರು.

ಹನ್ನೊಂದು ಗಂಟೆಗೆ ಮೊರದಡಿ ಫೋನು ಬಡಿದುಕೊಂಡಿತು.

"ಅವಳೇ ಕಣೋ!" ಎಂದು ರಂಗಪ್ಪ ಎದ್ದ. ಕೆಂಪರಾಜು ಎರಡೂ ಮಣಿಕಟ್ಟು ಹಿಡಿದು ಕೂರಿಸಿದ. ಫೋನು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಬಂತು.

"ನೋಡಿದ್ರಾ, ಇನ್ನೊಂದ್ಸಲ ಕೇಳ್ಬೇಕು ಅನ್ನಿಸಿದೆ!" ಎಂದಳು ಕೋಮಲಾ.

ಮೂರನೆಯ ಸಲಕ್ಕೆ ರಂಗಪ್ಪ ಕಣ್ಣು ಮುಚ್ಚಿ, "ಈಗ ಕೊಳಲು ಬಂತು... ಈಗ ಅವಳು ಸೆರಗು ಕಣ್ಣಿಗೆ ಒತ್ಕೊಂಡ್ಲು..." ಎನ್ನತೊಡಗಿದ. ಒಟ್ಟು ಏಳು ಸಲ ಬಂತು. ಆಮೇಲೆ ನಿಂತಿತು. ಕೋಮಲಾ ಎಲ್ಲರಿಗೂ ಕಾಫಿ ಕಾಸಿದಳು. ವಾಪಸ್ ಫೋನ್ ಮಾಡಲೇ ಎಂದು ರಂಗಪ್ಪ ಚಡಪಡಿಸಿದ. ಮಾಡ್ಬೇಡಿ ಅಂತ ಅಕ್ಕನೇ ಹೇಳಿದ್ದಾರೆ, ಹಟ ಕೆಡಿಸಬೇಡಿ ಎಂದು ಮೂವರೂ ತಡೆದರು.

ಮಾತಾಡುತ್ತ ಕೂತು ಮಧ್ಯಾಹ್ನ ಎರಡು ಗಂಟೆ ಆಯಿತು. ಮನೆಗೆ ಹೋದ ಕೋಮಲಾ ಅದೇ ಕಾಲಲ್ಲಿ ಓಡಿಬಂದಳು. "ಅಣ್ಣಾ, ಅಕ್ಕ ನಂಗೂ ಮೂರು ಸಲ ಮಾಡಿದಾರೆ! ಈಗ ಮಾಡಿದ್ರೆ ಸ್ವಿಚ್ ಆಫ್!" ಕೆಂಪರಾಜುವಿನ ಫೋನಿಗೂ ನಾಲ್ಕು ಬಂದಿದ್ದವು.

"ಸಂತೋಷ ಹೊಟ್ಟೇಲಿ ಇಟ್ಕೊಳ್ಳಕ್ಕಾಗ್ದೆ ಎಲ್ರಿಗೂ ಮಾಡಿದಾಳೆ" ಎಂದ ಕೆಂಪರಾಜು. ರಂಗಪ್ಪ ಮುಖ ಕ್ಷೌರ ಮಾಡಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಜಗುಲಿಯ ಮೇಲೆ ಕೂತ.

ನಾಲ್ಕು ಗಂಟೆಗೆ ಕಡೂರು ಬಸ್ಸಿನಿಂದ ಇಳಿದ ಶಕುಂತಲಮ್ಮ ಬೀದಿಯ ತುದಿಯಿಂದಲೇ ಓಡುತ್ತ ಬಂದಳು. ಚೀಲ ಒಂದು ಕಡೆ, ಸೆರಗು ಒಂದು ಕಡೆ. ಜಗುಲಿಯ ಮೇಲೆ ಮದುವೆ ಗಂಡಿನಂತೆ ಕೂತಿದ್ದ ಗಂಡನನ್ನು ಕಂಡು ಗಕ್ಕನೆ ನಿಂತಳು.

"ಜೀವಂತ ಇದೀರಾ?"

"ಹಾಡು ಕೇಳಿದ್ಯೇನೇ?" ಎಂದ ರಂಗಪ್ಪ ನಾಚಿಕೊಂಡು.

"ಯಾವ ಹಾಡ್ರೀ? ಮುಖ ನೋಡಿ ನಾಲ್ಕು ದಿನ ಆಯ್ತಲ್ಲ ಅಂತ ನಮ್ಮಣ್ಣನ ಮನೆ ವೈಫೈಲಿ ವಿಡಿಯೋ ಕಾಲ್ ಮಾಡಿದ್ರೆ, ಏಳು ಸಲಾನೂ ಬರೀ ಟುರ್ ಟುರ್! ಎಲ್ಲಿ ಬಿದ್ರೋ, ಏನಾಯ್ತೋ ಅಂತ ಪ್ರಾಣ ಬಾಯಿಗೆ ಬಂತು!"

ಓಂಕಾರೇಶ ಹಣೆ ಚಚ್ಚಿಕೊಂಡ. "ಇಂಟರ್ನೆಟ್ ಕಾಲಲ್ಲಿ ಆ ಹಾಡು ಬರಲ್ಲ ಅಣ್ಣ."

"ನೀವಂತೂ ಎತ್ತಲ್ಲ ಅಂತ ಬಸ್ಸಲ್ಲಿ ಕೂತು ಇವರಿಗೆಲ್ಲ ಮಾಮೂಲಿ ಫೋನ್ ಮಾಡ್ದೆ. ಒಬ್ರೂ ಎತ್ತಲಿಲ್ಲ, ಅಷ್ಟೊತ್ತಿಗೆ ನನ್ನ ಫೋನೇ ಸತ್ತೋಯ್ತು. ಆದ್ರೆ ಕೆಂಪರಾಜಣ್ಣನಿಗೆ ಮಾಡಿದ್ರೆ ನಮ್ಮ ಟೆಂಟಿನ ಹಾಡು! ಕೋಮಲಂಗೆ ಮಾಡಿದ್ರೂ ಅದೇ! ಅಂಗಡಿ ಓಂಕಾರೇಶಂಗೂ ಅದೇ! ಇಡೀ ಬೀದಿಗೆ ನೆನಪೈತೆ ಕಣ್ರೀ. ನನ್ನ ಕಟ್ಕೊಂಡೋರಿಗೆ ಮಾತ್ರ ಟುರ್ ಟುರ್."

"ನಂದೇ ಕಣೇ ಮೊದ್ಲು! ನಾನೇ ದುಡ್ಡು ಕೊಟ್ಟು ಹಾಕಿಸ್ದೆ! ಕೆಂಪರಾಜು, ಮಾಡೋ ನಂಗೊಂದು ಫೋನು!"

ಕೆಂಪರಾಜು ಮಾಡಿ ಆಕೆಯ ಕಿವಿಗೆ ಹಿಡಿದ. ಶಕುಂತಲಮ್ಮ ಕೇಳಿದಳು. ಮುಖ ಒಂದು ಗಳಿಗೆ ಹೂವಿನಂತಾಯಿತು. ಮರುಗಳಿಗೆ ಹುಬ್ಬು ಗಂಟಾಯಿತು.

"ಸ್ಟಾರ್ ಒತ್ತಿದ್ರೆ ಮೊದಲ ತಿಂಗಳು ಪುಕ್ಕಟೆ ಅಂತಾಳೆ ಈ ಹುಡುಗಿ. ನೋಡ್ದೆ ಬಿಡಿ ನೀವು ದುಡ್ಡು ಕೊಟ್ಟಿದ್ದನ್ನ. ಕೆಂಪರಾಜಣ್ಣನ ಫೋನಿಂದ ಎತ್ಕೊಂಡಿದೀರಿ!"

ರಂಗಪ್ಪ ಮೂವರ ಮುಖವನ್ನೂ ನೋಡಿದ. ಓಂಕಾರೇಶ, "ಇಲ್ಲ ಅಕ್ಕ, ನಿಜವಾಗ್ಲೂ ದುಡ್ಡು..." ಎಂದು ಬಾಯಿ ತೆರೆದ.

"ನೀನು ಸುಮ್ನಿರಪ್ಪ. ಹಾಡಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ಅಂತ ಇವರೇ ಕೇಳಿದ್ದು. ನಿಂಗೆ ಹೇಳ್ಕೊಟ್ಟು ಕೂರಿಸಿದಾರೆ. ಕೆಂಪರಾಜಣ್ಣನ್ನ ನೋಡಿ ಕಲೀಬೇಕು, ಅಂಥ ಹಾಡನ್ನ ಹುಡುಕಿ ಹಾಕಿಸ್ಕೊಂಡವ್ರೆ."

ಕೆಂಪರಾಜು ಸೂರಿನ ಹೆಂಚು ಎಣಿಸುತ್ತ, "ಅಯ್ಯೋ, ಇರ್ಲಿ ಬಿಡಕ್ಕ" ಎಂದ. ಕೋಮಲಾಗೆ ಮನೆಯಲ್ಲಿ ಹಾಲು ಉಕ್ಕುವುದು ನೆನಪಾಯಿತು.

ಬೀದಿ ಖಾಲಿಯಾಯಿತು. ಶಕುಂತಲಮ್ಮ ಚೀಲವನ್ನು ಬಿಚ್ಚದೆ ಬಾಗಿಲ ಬಳಿಯೇ ಇಟ್ಟು, ಅಡುಗೆಮನೆಗೆ ಹೋಗಿ, ನಾಲ್ಕು ದಿನದ ಮುಸುರೆಯನ್ನು ಕಂಡು ನಿಟ್ಟುಸಿರುಬಿಟ್ಟು, ಸೆರಗು ಸಿಕ್ಕಿಸಿದಳು. ಒಲೆಯ ಮೇಲೆ ಎಸರು ಕುದಿಯತೊಡಗಿತು. ಅದರ ಜೊತೆಗೇ ತುಟಿಯಂಚಿನಲ್ಲಿ ಟೆಂಟಿನ ಹಾಡು ಬಂತು, ಕೊಳಲಿನ ಭಾಗವನ್ನೂ ಬಿಡದೆ.

ರಂಗಪ್ಪ ಮೆಲ್ಲಗೆ ಬಂದು ಬಾಗಿಲ ಮರೆಯಿಂದ ತಲೆಯಷ್ಟೇ ಒಳಗೆ ತೂರಿಸಿದ, ಆವತ್ತು ಟೆಂಟಿನ ಪರದೆಯಡಿ ತೂರಿಸಿದ ಹಾಗೆಯೇ. ಹಾಡು ಥಟ್ಟನೆ ನಿಂತಿತು.

"ಏನು ನಿಂತಿದೀರಿ? ಇದನ್ನೂ ಪುಕ್ಕಟೆ ಕೇಳೋಕಾ?"