ರಾಕ್ಷಸರಿಗೆ ಬಣ್ಣವೇ ಉಳಿಯಲಿಲ್ಲ

“ಅತ್ತಿ, ಈ ವರ್ಷ ನೀವು ಒಬ್ರ ಹೊಳ್ಳಿ ಹೋಗ್ರಿ. ನಾನೂ ಬರಂಗಿಲ್ಲ, ನಿಮ್ಮ ಮಗಳೂ ಬರಂಗಿಲ್ಲ!”

ಗೋವೆಯ ಪರ್ವರಿಯ ಬಾಡಿಗೆ ಖೋಲಿಯ ನಟ್ಟನಡುವೆ ನಿಂತು ಹುಲಿಗೆಪ್ಪ ಹೀಗೆ ಘೋಷಿಸಿದಾಗ ಅತ್ತೆ ಚಂದವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚುವುದನ್ನು ನಿಲ್ಲಿಸಲಿಲ್ಲ. ಅಳಿಯನ ಘೋಷಣೆಗಳನ್ನು ಅವಳು ಬಹಳ ಕೇಳಿದ್ದಳು.

ಹುಲಿಗೆಪ್ಪ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಗೋವೆಯಲ್ಲಿ ಮಳೆ ಹಿಡಿಯಿತೆಂದರೆ ಹೊರಗೋಡೆಯ ಕೆಲಸ ನಿಂತೇಹೋಗುತ್ತದೆ. ಆಗ ಖೋಲಿಗೆ ಬೀಗ ಜಡಿದು, ಹೆಂಡತಿ ಶೈಲಾಳ ಹಿಂದೆ ಗಂಟು ಹೊತ್ತುಕೊಂಡು ಬಾಗಲಕೋಟೆ ಕಡೆಯ ಅತ್ತೆಯ ಮನೆ ಸೇರುವುದು ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ. ಬೇರೆ ಮನೆಯಳಿಯರು ವರ್ಷಪೂರ್ತಿ ಇರುತ್ತಾರೆ, ಅವರಿಗೊಂದು ಅಂತಸ್ತಾದರೂ ಇದೆ. ಇವನು ಸೀಸನ್ ಮನೆಯಳಿಯ! ಊಟಕ್ಕೆ ಕೂತಾಗ ಚಂದವ್ವ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ತಾಟಿಗೆ ರೊಟ್ಟಿ ಬೀಳುವ ಸಪ್ಪಳದಲ್ಲೇ ಹೇಳಬೇಕಾದ್ದೆಲ್ಲ ಇರುತ್ತಿತ್ತು. ಈ ಸಲವಂತೂ ಮಗಳು-ಅಳಿಯನನ್ನು ಕರೆದೊಯ್ಯಲು ಮೇ ತಿಂಗಳಲ್ಲೇ ತಾನೇ ಬಂದು ಕೂತುಬಿಟ್ಟಿದ್ದಳು.

“ಬರಂಗಿಲ್ಲ ಅಂದ್ರ ಮಳಿಗಾಲದಾಗ ಏನ್ ತಿಂತೀರಿ? ಗ್ವಾಡಿ ಕೆರಕೊಂಡು ಸುಣ್ಣಾ ತಿಂತೀರೇನು?”

“ಕಲಾದ ಮ್ಯಾಲ ಬದುಕ್ತೇವ್ರಿ ಅತ್ತಿ, ಕಲಾ!” ಎಂದು ಹುಲಿಗೆಪ್ಪ ಮೀಸೆ ತಿರುವಿದ.

ಕಲೆ ಬಂದದ್ದು ಮೋತಿಲಾಲ ಸೇಠನ ಮನೆಯಿಂದ. ಶೈಲಾ ಅವನ ಫ್ಲ್ಯಾಟಿನಲ್ಲಿ ಮನೆಗೆಲಸ ಮಾಡುತ್ತಿದ್ದಳು. ಕೊರ್ಲಿಮ್‌ನಲ್ಲಿ ಪ್ಲಾಸ್ಟಿಕ್ ಅಚ್ಚಿನ ಸಣ್ಣ ಕಾರ್ಖಾನೆ ಇಟ್ಟಿದ್ದ ಮೋತಿಲಾಲ ಆಗಷ್ಟೇ ಹೊಸದೊಂದಕ್ಕೆ ಕೈಹಾಕಿದ್ದ. ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ ಬೇಕಾದ ಗೊಂಬೆಗಳು! ಹೆಬ್ಬೆರಳಿನಷ್ಟು ಎತ್ತರ. ಒಂದು ಕಡೆ ಒಳ್ಳೆಯವರ ಸೈನ್ಯ, ಎದುರಿಗೆ ಕೆಟ್ಟವರ ಸೈನ್ಯ. ಫಾರಿನ್‌ನಲ್ಲಿ ಗಡ್ಡ ಬಂದ ಗಂಡಸರೂ ಇವನ್ನಿಟ್ಟುಕೊಂಡು ಹೊತ್ತು ಮುಳುಗುವವರೆಗೆ ಆಡುತ್ತಾರಂತೆ. ಒಳ್ಳೆಯವರಿಗೆ ಆಗಲೇ ಬಣ್ಣ ಆಗಿತ್ತು. ಕೊಂಬು, ಬೊಜ್ಜು, ನಿಲುವಂಗಿ, ಕೈಯಲ್ಲೊಂದು ಭರ್ಜಿ ಇದ್ದ ಕೆಟ್ಟವರು ಮಾತ್ರ ಬೂದು ಪ್ಲಾಸ್ಟಿಕ್ಕಿನಲ್ಲೇ ಕಾಯುತ್ತಿದ್ದರು.

ಮೋತಿಲಾಲ ಬೆಳಗಾವಿಯಲ್ಲಿ ಬೆಳೆದವನಾದ್ದರಿಂದ ಕನ್ನಡ ಬರುತ್ತಿತ್ತು. “ನೋಡು ಹುಲಿಗೆಪ್ಪಾ, ಮೇಜಿನ ಆ ಕಡೆ ಕೂತವನಿಗೆ ಇವರು ಕೆಟ್ಟವರು ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಭಾನುವಾರ ಫಾರಿನ್ ಗಿರಾಕಿ ಬರ್ತಾನೆ. ಅವನಿಗೆ ಹಿಡಿಸಿದರೆ ಮಳೆಗಾಲ ಪೂರ್ತಿ ನಿನಗೆ ಕೆಲಸ.”

“ಸೇಠ, ನಮ್ಮೂರ ಬಯಲಾಟದಾಗ ರಾಕ್ಷಸರ ಮಾರಿಗೆ ಬಣ್ಣಾ ಬರಿಯಾವ ನಾನ! ನಾ ಬರದ ರಾಕ್ಷಸನ್ನ ನೋಡಿ ಊರಾಗಿನ ಎಮ್ಮಿ ಹಾಲು ಕೊಡೂದು ಬಿಟ್ಟಿದ್ವು!”

ಮೋತಿಲಾಲನಿಗೆ ಎಮ್ಮೆಗಳ ಪರಿಚಯ ಕಡಿಮೆ. ನಂಬಿಬಿಟ್ಟ.

ನಮ್ಮ ಕಲಾವಿದರು ಮನೆಗೆ ಬಂದು, ಗೋಡೆಗೆ ಹೊಡೆಯುವ ನಾಲ್ಕಿಂಚಿನ ಬ್ರಶ್ಶನ್ನು ಕಪ್ಪು ಬಣ್ಣದಲ್ಲಿ ಅದ್ದಿ ಒಂದು ಎಳೆ ಎಳೆದರು. ಸೈನಿಕ ಕಾಣೆಯಾದ! ಹುಡುಕಿದರೆ ಬ್ರಶ್ಶಿನ ಕೂದಲೊಳಗೆ ಸಿಕ್ಕ. ಕಸಬರಿಗೆ ಕಡ್ಡಿಯ ತುದಿ ಜಜ್ಜಿ ನೋಡಿದ್ದಾಯಿತು. ಕೊನೆಗೆ ಶೈಲಾಳ ಕಾಡಿಗೆ ಕಡ್ಡಿಯೇ ಗತಿಯಾಯಿತು.

“ನನ್ನ ಕಾಡಿಗಿ ಕಡ್ಡಿಗೆ ಆಯಿಲ್ ಪೇಂಟ್ ಹಚ್ಚೀರಲ್ರೀ! ನಾಳೆ ನಾ ಕಣ್ಣಿಗೆ ಏನ್ ಹಚ್ಕೊಳ್ಳಿ, ಟರ್ಪೆಂಟೈನ್ ಏನು?”

“ಸುಮ್ನಿರ ಶೈಲಾ. ದೊಡ್ಡ ಕೆಲಸಕ್ಕ ಸಣ್ಣ ತ್ಯಾಗ ಮಾಡಬೇಕಾಕ್ಕೈತಿ.”

ಆದರೂ ಕೈ ಒಳ್ಳೆಯದಿತ್ತು, ಇದ್ದದ್ದನ್ನು ಇದ್ದಂತೆ ಹೇಳಬೇಕು. ಸಂಜೆಯ ಹೊತ್ತಿಗೆ ಗೋಡೆಯ ಹಲಗೆಯ ಮೇಲೆ ಕರಿ ಮೈ, ಕೆಂಗಣ್ಣು, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ, ಬಂಗಾರದ ಕೊಂಬುಗಳ ದುಷ್ಟ ಪಡೆ ಸಾಲಾಗಿ ನಿಂತಿತು. ನೋಡಿ ಅವನಿಗೇ ಮೈ ಜುಮ್ಮೆಂದಿತು. ಈ ಪರಾಕ್ರಮವನ್ನು ಪಕ್ಕದ ಖೋಲಿಯ ಗೋಡೆಗೆ ಸಿಮೆಂಟಿನ ಗಿಲಾವ್ ಬಳಿಯುವ ಶಫೀಸಾಬನಿಗೆ ವರ್ಣಿಸದಿದ್ದರೆ ಚಹಾ ಇಳಿಯುವ ಹಾಗಿರಲಿಲ್ಲ. ಹೋದ. ವರ್ಣಿಸಿದ. ಹೊರಳಿ ಬಂದರೆ ಖೋಲಿಯಿಂದ ಊದಿನಕಡ್ಡಿಯ ಹೊಗೆ ಬರುತ್ತಿತ್ತು!

ದುಷ್ಟರ ಹಣೆಗೆಲ್ಲ ಅರಿಶಿನದ ಭಂಡಾರ. ಅದರ ಮೇಲೆ ಕುಂಕುಮ. ಕೊರಳಿಗೆ ಮಲ್ಲಿಗೆ ಎಸಳು. ಮುಂದೆ ಒಡೆದ ತೆಂಗಿನಕಾಯಿ. ಸಾಲುಖೋಲಿಗಳ ಆ ಚಾಳದ ಹೆಂಗಸರೆಲ್ಲ ಸೆರಗು ಹೊದ್ದು ಕೂತಿದ್ದರು, ಚಂದವ್ವ ಆರತಿ ಎತ್ತುತ್ತಿದ್ದಳು.

“ಅತ್ತೀ! ಏನ್ ಮಾಡಾಕತ್ತೀರಿ?”

“ನೀವ ಹೇಳಬಾರದಾಗಿತ್ತೇನು? ಮನ್ಯಾಗ ದುರ್ಗವ್ವನ್ನ ತಂದು ಕುಂದರಿಸೀರಿ, ಒಂದ ದೀಪಾನೂ ಹಚ್ಚಿಲ್ಲ!”

“ಅವ್ರು ಕೆಟ್ಟವ್ರು ಅತ್ತಿ! ರಾಕ್ಷಸರು!”

ಚಂದವ್ವ ಗಲ್ಲ ಗಲ್ಲ ಬಡಿದುಕೊಂಡಳು. “ಬಿಡ್ತು ಅನ್ರಿ! ಇಂಥಾ ಕಣ್ಣು, ಇಂಥಾ ನಾಲಿಗಿ, ತಾಯೀನ ಎದ್ದ ಬಂದಂಗೈತಿ. ಕೆಟ್ಟವ್ರು ಯಾರರ ಇದ್ರ ಅಕಾ ಅಲ್ಲಿ ಅದಾರ ನೋಡ್ರಿ.” ಮಾದರಿಗೆಂದು ಮೋತಿಲಾಲ ಕೊಟ್ಟಿದ್ದ ಒಳ್ಳೆಯವರ ಕಡೆಯ ವೀರನನ್ನು ಬೆರಳು ಮಾಡಿ ತೋರಿಸಿದಳು. ಹಳದಿ ಕೂದಲು, ಬೆಳ್ಳಿ ಕವಚ, ಗುಲಾಬಿ ಕೆನ್ನೆ. “ಮಾರಿ ಬಿಳಚಿಕೊಂಡು ನಿಂತಾನ. ಏನ್ ರೋಗ ಬಂದೈತೋ ಏನೋ!”

ಬಟ್ಟೆಯಿಂದ ಕುಂಕುಮ ಒರೆಸಿದರೆ ಮುಗಿಯುತ್ತಿತ್ತು. ಹುಲಿಗೆಪ್ಪ ಬಟ್ಟೆ ಹಿಡಿದು ಹಲಗೆಯ ಮುಂದೆ ನಿಂತ. ಸಾಲಾಗಿ ಕೆಂಗಣ್ಣುಗಳು ಅವನನ್ನೇ ನೋಡಿದವು. ಪೂಜೆಯಾದ ಮೂರ್ತಿಯ ಕುಂಕುಮ ಅಳಿಸಲು ಯಾವ ಮಗನಿಗೆ ಕೈ ಬಂದೀತು? ಅವನ ಹೆಸರೇ ಹುಲಿಗೆವ್ವನ ಹರಕೆಯದು! ಬಟ್ಟೆಯನ್ನು ಹೆಗಲಿಗೆ ಹಾಕಿ ಸದ್ದಿಲ್ಲದೆ ತಾನೂ ಕೈ ಮುಗಿದ.

ಸುದ್ದಿ ಕೇಳಿದ ಮೋತಿಲಾಲ ಹಣೆ ಚಚ್ಚಿಕೊಂಡು ಹೊಸ ಬೂದು ಗೊಂಬೆಗಳನ್ನು ಕೊಟ್ಟ. “ಭಾನುವಾರ ಅಂದರೆ ಭಾನುವಾರ. ಇಲ್ಲದಿದ್ದರೆ ಬೇರೆಯವರನ್ನು ನೋಡ್ತೇನೆ.”

ಈ ಸಲ ಹುಲಿಗೆಪ್ಪ ಹುಷಾರಾದ. ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು, ಬೆಳಿಗ್ಗೆ ಚಾಳದ ನಳದ ಕಟ್ಟೆಯ ಮೇಲಿಟ್ಟು ಪರೀಕ್ಷೆ ಮಾಡುವುದು. ಯಾರೂ ಕೈ ಮುಗಿಯದಿದ್ದರೆ ಅದೇ ಕೆಟ್ಟವರ ಬಣ್ಣ! ಸರ್ಕಾರಿ ಪ್ರಯೋಗಶಾಲೆಯಲ್ಲೂ ಇಂಥ ಪರೀಕ್ಷೆ ಇರಲಿಕ್ಕಿಲ್ಲ.

ನೀಲಿ ಇಟ್ಟ. ನೀರು ಹಿಡಿಯುತ್ತಿದ್ದ ಮುದುಕಿ “ಕೃಷ್ಣಾ, ನನ್ನಪ್ಪಾ” ಎಂದಳು. ಹಳದಿ ಇಟ್ಟ. “ಏಳುಕೋಟಿಗೋ!” ಎಂದು ಸರದಿಯಲ್ಲಿದ್ದ ಮೈಲಾರಲಿಂಗನ ಒಕ್ಕಲಿನವನೊಬ್ಬ ಕೂಗಿಯೇಬಿಟ್ಟ. ಹಸಿರು ಇಟ್ಟ. ಶಫೀಸಾಬ ಮೆಲ್ಲಗೆ ಹತ್ತಿರ ಬಂದ.

“ಹುಲಿಗೆಪ್ಪಣ್ಣ, ಇದು ನಮ್ಮ ದರ್ಗಾದ ಬಣ್ಣ. ಇದಕ್ಕ ಕೋಡು ಬ್ಯಾಡೋ ಮಾರಾಯಾ.”

“ತಪ್ಪಾತು ಶಫೀಸಾಬ, ತಪ್ಪಾತು!”

ಕೆಂಪು ಹೇಗಿದ್ದರೂ ದುರ್ಗವ್ವನದು. ಉಳಿದದ್ದು ಬಿಳಿ. ಬಿಳಿ ನಿಲುವಂಗಿಯ ರಾಕ್ಷಸನನ್ನು ಇಟ್ಟು ಕೈ ತೆಗೆಯುವಷ್ಟರಲ್ಲಿ, ಪೊಂ ಪೊಂ ಎಂದು ಹಾರ್ನ್ ಒತ್ತುತ್ತ ಬಂದ ಪಾವ್ ಮಾರುವ ಸೈಕಲ್ಲಿನವನು ಬ್ರೇಕ್ ಹಾಕಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋದ.

ಬಣ್ಣಗಳೆಲ್ಲ ಒಂದಲ್ಲ ಒಂದು ದೇವರ ಹೆಸರಿಗೆ ಮೊದಲೇ ಬುಕ್ಕಾಗಿದ್ದವು! ಕೆಟ್ಟವರಿಗೆಂದು ದೇಶದಲ್ಲಿ ಒಂದು ಚಮಚೆ ಬಣ್ಣವೂ ಉಳಿದಿರಲಿಲ್ಲ. ಅತ್ತ ಚಂದವ್ವ ಆಗಲೇ ಮಗಳ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಹುಲಿಗೆಪ್ಪನ ಕಣ್ಣಿಗೆ ಅತ್ತೆಮನೆಯ ತಾಟು ಕಂಡಿತು, ಕಿವಿಗೆ ರೊಟ್ಟಿ ಬಿದ್ದ ಸಪ್ಪಳ ಕೇಳಿತು. ತಲೆ ಕೆಟ್ಟುಹೋಯಿತು. ಮೂಲೆಯಲ್ಲಿದ್ದ ರೋಲರಿನ ಉದ್ದ ಕೋಲು ಹಿಡಿದು ಬಾಗಿಲಿಗೆ ಹಾರಿದ.

“ಕೈ ಮುಗೀಬ್ಯಾಡ್ರೋ! ಇವ್ರು ಕೆಟ್ಟವ್ರೋ! ಇನ್ನ ಯಾರರ ಕೈ ಮುಗಿದ್ರ ಕೈ ಮುರೀತೇನಿ!”

ಎತ್ತಿ ಕಟ್ಟಿದ ಚೌಕಳಿ ಲುಂಗಿ. ಎಲ್ಲ ಬಣ್ಣ ಸಿಡಿದ ಬನಿಯನ್. ತಲೆಯ ಮೇಲೆ ಪೇಂಟರುಗಳು ಮಡಚಿಕೊಳ್ಳುವ ಪೇಪರ್ ಟೊಪ್ಪಿಗೆ. ಬಿಳಿ ಬಣ್ಣ ಒಣಗಿ ಸೆಟೆದು ನಿಂತ ಮೀಸೆ. ಒಂದು ಕೈ ಸೊಂಟಕ್ಕೆ, ಇನ್ನೊಂದರಲ್ಲಿ ಕೋಲು, ಎರಡಕ್ಕೂ ಮುಂದೆ ಹೊಟ್ಟೆ!

ಹೆಂಗಸರು ಕೊಡ ಬಿಟ್ಟು ಹಿಂದೆ ಸರಿದರು. ಮುದುಕಿ ಥೂ ಎಂದಳು. ಶಫೀಸಾಬ ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಒಬ್ಬರೆಂದರೆ ಒಬ್ಬರೂ ಕೈ ಮುಗಿಯಲಿಲ್ಲ.

“ರೀ,” ಎಂದಳು ಶೈಲಾ ಹಿಂದಿನಿಂದ, ಬಹಳ ಮೆತ್ತಗೆ. “ಹಂಗ ನಿಂದರ್ರಿ. ಅಳ್ಳಾಡಬ್ಯಾಡ್ರಿ.”

ಕೊನೆಗೂ ಹೆಂಡತಿಗೆ ತನ್ನ ಗತ್ತು ಹಿಡಿಸಿತು ಎಂದುಕೊಂಡ ಹುಲಿಗೆಪ್ಪ ಇನ್ನಷ್ಟು ಎದೆಯುಬ್ಬಿಸಿ ನಿಂತ. ಅವಳು ಒಂದು ಬೂದು ಗೊಂಬೆ, ಕಾಡಿಗೆ ಕಡ್ಡಿ, ಗೋಡೆಯ ಬಿರುಕಿಗೆ ಮೆತ್ತುವ ಒಂದಿಷ್ಟು ಪುಟ್ಟಿ ಎತ್ತಿಕೊಂಡು ಮೂಲೆಯಲ್ಲಿ ಕೂತಳು.

ಭಾನುವಾರ ಮೋತಿಲಾಲನ ಮನೆಯಲ್ಲಿ ಗಿರಾಕಿ ನೀಲಿ, ಹಳದಿ, ಬಿಳಿ ಗೊಂಬೆಗಳನ್ನು ನೋಡಿ ಆಕಳಿಸಿದ. ಹಸಿರನ್ನು ಹುಲಿಗೆಪ್ಪ ತಂದಿರಲಿಲ್ಲ, ಕರಿಯವಕ್ಕೆ ಮನೆಯಲ್ಲಿ ಮಂಗಳವಾರದ ಪೂಜೆ ನಿಗದಿಯಾಗಿತ್ತು. ಕೆಲಸ ಕೈತಪ್ಪಿತೆಂದು ಹುಲಿಗೆಪ್ಪ ಗೊಂಬೆಗಳನ್ನು ಚೀಲಕ್ಕೆ ತುಂಬತೊಡಗಿದ. ಆಗ ಶೈಲಾ ಸೆರಗಿನ ಗಂಟು ಬಿಚ್ಚಿ ತನ್ನದನ್ನು ಮೇಜಿನ ಮೇಲಿಟ್ಟಳು. ಗಿರಾಕಿ ಅದನ್ನು ಎತ್ತಿಕೊಂಡ. ಹುಬ್ಬು ಗಂಟಿಕ್ಕಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಹುಬ್ಬು ಗಂಟಿಕ್ಕಿ ಇಂಗ್ಲಿಷಿನಲ್ಲಿ ಏನೇನೋ ಹೇಳಿದ.

ಮೋತಿಲಾಲ ಕುರ್ಚಿಯಿಂದ ಎದ್ದೇಬಿಟ್ಟ. “ಹೆದರಿಸುವ ರಾಕ್ಷಸರು ಅಂಗಡಿ ತುಂಬ ಸಿಗ್ತಾರಂತೆ. ಇವನ ಮುಖ ನೋಡಿದರೆ ಮಾತ್ರ ಇವನನ್ನು ಸೋಲಿಸಲೇಬೇಕು ಅಂತ ಕೈ ಕಡೀತದಂತೆ! ಇಡೀ ಕೆಟ್ಟ ಸೈನ್ಯ ಇಂಥದ್ದೇ ಬೇಕಂತೆ!”

ಹುಲಿಗೆಪ್ಪ ಗೊಂಬೆಯನ್ನು ಇಸಿದುಕೊಂಡು ನೋಡಿದ. “ಭಲೆ ಶೈಲಾ! ಖರೇನ ಎಂಥಾ ಸೊಕ್ಕಿನ ಮಾರಿ ಬರದೀಯ! ಯಾರಿಗರ ಇವನ್ನ ನಾಕು ಬಡೀಬೇಕು ಅನಸ್ತೈತಿ. ಎಲ್ಲೋ ನೋಡೇನಲ್ಲ ಇವನ್ನ?”

ಶೈಲಾ ಸೆರಗು ಬಾಯಿಗಿಟ್ಟುಕೊಂಡಳು. ಉತ್ತರ ಕೊಟ್ಟವನು ಮೋತಿಲಾಲ. “ಹುಲಿಗೆಪ್ಪಾ, ನಿನ್ನದೊಂದು ಫೋಟೋ ಬೇಕಂತೆ. ಡಬ್ಬಿಯ ಮೇಲೆ ಹಾಕಲಿಕ್ಕೆ.”

ಜೂನ್ ಬಂತು, ಮಳೆ ಹಿಡಿಯಿತು. ಚಾಳದ ಎಷ್ಟೋ ಖೋಲಿಗಳಿಗೆ ಬೀಗ ಬಿತ್ತು, ಹುಲಿಗೆಪ್ಪನದಕ್ಕೆ ಬೀಳಲಿಲ್ಲ. ಗಂಡ ಲುಂಗಿಗೆ ಚೌಕಳಿ ಎಳೆಯುವುದು, ಹೆಂಡತಿ ಮುಖ ಬರೆಯುವುದು. ಅವಳು ಮೀಸೆ ಬರೆಯುವಾಗೆಲ್ಲ ಒಮ್ಮೆ ತಲೆಯೆತ್ತಿ ಅವನನ್ನು ನೋಡಬೇಕು, ನೋಡಿ ನಗಬೇಕು. ಮೊದಮೊದಲು ಸಿಟ್ಟು ಬಂತು. ಆಮೇಲೆ ಸ್ವಂತ ಮನೆಯಲ್ಲಿ ಕೂತು ಹೆಂಡತಿಯ ನಗು ಕೇಳುತ್ತ ಮಳೆಗಾಲ ಕಳೆಯುವುದು ಎಷ್ಟು ಹಿತ ಎಂದು ಅವನಿಗೆ ತಿಳಿಯಿತು. ಖುಷಿಯಲ್ಲಿದ್ದ, ಸುಳ್ಳು ಯಾಕೆ?

ಚಂದವ್ವ ಒಬ್ಬಳೇ ಊರಿಗೆ ಹೊರಟಳು. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣಂಚು ಒರೆಸಿಕೊಂಡು, “ಚಲೋ ಆತು ಬಿಡ್ರಿ. ನಿಮ್ಮ ಮನ್ಯಾಗ ನೀವು ಇರೂದು ನೋಡಿ ಹೊಟ್ಟಿ ತುಂಬೇತಿ,” ಎಂದಳು. ಹುಲಿಗೆಪ್ಪ ಕಿಟಕಿಯತ್ತ ಕೈ ಮುಗಿದ. ಅಷ್ಟರಲ್ಲಿ ಅವಳ ಮುಷ್ಟಿಯಲ್ಲಿ ಚೌಕಳಿ ಲುಂಗಿಯ ದುಷ್ಟನೊಬ್ಬ ಇಣುಕಿದ್ದು ಕಂಡಿತು.

“ಅದನ್ನ ಯಾಕ ಒಯ್ಯಾಕತ್ತೀರಿ ಅತ್ತಿ?”

“ಊರ ಮಂದೀಗೆ ತೋರಸಾಕ. ನೀವು ಎಂಥಾವ್ರು ಅಂತ ಇಷ್ಟ ವರ್ಷ ನಾ ಒಬ್ಬಾಕೀನ ಹೇಳ್ಕೋತ ಬಂದೆ, ಯಾರೂ ನಂಬಲಿಲ್ಲ. ಈಗ ಫಾರಿನ್ನಿನವ್ರೂ ಒಪ್ಯಾರಲ್ಲ!”